ಜಾಮೀನಿನ ಮೇಲೆ ಮನೆಗೆ ಬಂದ ತಮ್ಮ: ತಪ್ಪೊಪ್ಪಿಕೊಂಡು ಕೇಸು ಮುಗಿಸಿಬಿಡಬಹುದೇ?

ಪ್ರಶ್ನೆ: ಮೇಡಂ, ನಾನು ತಿಪಟೂರು ತಾಲ್ಲೂಕಿನವಳು. ನನ್ನ ತಮ್ಮನಿಗೆ 26 ವರ್ಷ. ಐಟಿಐ ಫಿಟ್ಟರ್ ಮುಗಿಸಿ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. 2023ರ ಕೊನೆಯಲ್ಲಿ ಅಲ್ಲಿ ತಾಮ್ರದ ಸ್ಕ್ರ್ಯಾಪ್ ಕಳುವಾಯಿತು ಅಂತ ನಾಲ್ಕು ಜನರ ಮೇಲೆ ಕೇಸಾಯಿತು. ಅದರಲ್ಲಿ ಇವನೂ ಒಬ್ಬ. "ಸೂಪರ್‌ವೈಸರ್ ಹೇಳಿದರು ಅಂತ ಟೆಂಪೋಗೆ ಲೋಡ್ ಮಾಡಿದೆ, ಕಳ್ಳ ಮಾಲು ಅಂತ ಗೊತ್ತಿರಲಿಲ್ಲ" ಅನ್ನುತ್ತಾನೆ. ಸೆಕ್ಷನ್ ಐಪಿಸಿ 381. ಜಾಮೀನು ಸಿಕ್ಕಿದ ಮೇಲೂ ಶ್ಯೂರಿಟಿ ಸಿಗದೆ, ಎಲ್ಲ ಸೇರಿ ನಾಲ್ಕು ತಿಂಗಳು ಪರಪ್ಪನ ಅಗ್ರಹಾರದಲ್ಲಿದ್ದ. ಕೊನೆಗೆ ನಮ್ಮ ಚಿಕ್ಕಪ್ಪ ತಮ್ಮ ಪಹಣಿ ಕೊಟ್ಟು ಬಿಡಿಸಿಕೊಂಡು ಬಂದರು. ಕಂಪನಿಯವರು ಕೆಲಸದಿಂದ ತೆಗೆದರು. ಈಗ ಮನೆಯಲ್ಲೇ ಇದ್ದಾನೆ. ಹಗಲೆಲ್ಲ ರೂಮಿನಲ್ಲಿ ಮಲಗಿರುತ್ತಾನೆ, ರಾತ್ರಿ ಲೈಟ್ ಆರಿಸಲು ಬಿಡುವುದಿಲ್ಲ. ಅಪ್ಪ ಇವನ ಜೊತೆ ಮಾತು ಬಿಟ್ಟಿದ್ದಾರೆ. ತಂಗಿಗೆ ಗಂಡು ನೋಡುತ್ತಿದ್ದೇವೆ, ಊರವರ ಬಾಯಿಗೆ ಹೆದರಿಕೆ. ಯೂಟ್ಯೂಬ್‌ನಲ್ಲಿ ಅವತ್ತಿನ ವಿಡಿಯೋ ಈಗಲೂ ಇದೆ. ಪರಿಚಯದವರೊಬ್ಬರು 40 ಸಾವಿರ ಕೊಟ್ಟರೆ ಠಾಣೆಯ ರೆಕಾರ್ಡಿನಿಂದ ಹೆಸರು ತೆಗೆಸುತ್ತೇನೆ ಅನ್ನುತ್ತಾರೆ. ಇವನು ದುಬೈಗೆ ಹೋಗುತ್ತೇನೆ ಅಂತ ಕೂತಿದ್ದಾನೆ. ಮುಂದಿನ ವಾಯಿದೆಗೆ ಚಾರ್ಜ್ ಓದುತ್ತಾರಂತೆ. "ಹೌದು ಅಂದುಬಿಡು, ಒಳಗಿದ್ದ ದಿನಗಳನ್ನೇ ಶಿಕ್ಷೆ ಅಂತ ಹಿಡಿದು ಒಂದಿಷ್ಟು ದಂಡ ಹಾಕಿ ಬಿಡುತ್ತಾರೆ, ಅಲೆದಾಟ ತಪ್ಪುತ್ತೆ" ಅಂತ ಕೋರ್ಟಿನ ಹತ್ತಿರ ಒಬ್ಬ ಗುಮಾಸ್ತರು ಹೇಳಿದರು. ಹಾಗೆ ಮಾಡಬಹುದಾ? ಅವನಿಗೆ ಮತ್ತೆ ಕೆಲಸ ಅಂತ ಸಿಗುತ್ತಾ?

ಉತ್ತರ:

ವಾಯಿದೆ ಹತ್ತಿರದಲ್ಲಿದೆ, ಹಾಗಾಗಿ ಗುಮಾಸ್ತರ ಮಾತಿನಿಂದಲೇ ಶುರು ಮಾಡುತ್ತೇನೆ. ಹಾಗೆ ಮಾಡಬೇಡಿ. ಕಡೇಪಕ್ಷ ನಿಮ್ಮ ವಕೀಲರ ಎದುರು ಕೂತು ಪೂರ್ತಿ ಮಾತಾಡುವವರೆಗಂತೂ ನಿಮ್ಮ ತಮ್ಮ ಕೋರ್ಟಿನಲ್ಲಿ "ಹೌದು" ಅನ್ನಬಾರದು.

ಜೈಲಿನಿಂದ ಬಂದವರ ಜೊತೆ, ಅವರ ಮನೆಯವರ ಜೊತೆ ಕೆಲಸ ಮಾಡುತ್ತಾ ನನಗೆ ಬಹಳ ವರ್ಷಗಳಾದವು. ಈ ಸಲಹೆ ಎಲ್ಲ ಕೋರ್ಟ್ ಆವರಣದಲ್ಲೂ ಸಿಗುತ್ತದೆ. ಕೊಡುವವರು ಕೆಟ್ಟವರೇನಲ್ಲ. ತಿಂಗಳು ತಿಂಗಳು ಊರಿಂದ ಬಸ್ಸು ಹತ್ತಿ ಬಂದು, ಮಧ್ಯಾಹ್ನದವರೆಗೆ ಕಾರಿಡಾರಿನಲ್ಲಿ ನಿಂತು, ಮುಂದಿನ ಡೇಟ್ ತಗೊಂಡು ವಾಪಸ್ ಹೋಗುವ ಹುಡುಗರನ್ನು ಅವರು ದಿನಾ ನೋಡುತ್ತಾರೆ. ಆ ಅಲೆದಾಟ ತಪ್ಪಲಿ ಅಂತ ಹೇಳುತ್ತಾರೆ. ಅದಕ್ಕೆ ತೆರಬೇಕಾದ ಬೆಲೆ ಅವರಿಗೆ ಕಾಣುವುದಿಲ್ಲ. ಅದು ನಾಲ್ಕೈದು ವರ್ಷ ಬಿಟ್ಟು ನಮ್ಮಂಥವರ ಹತ್ತಿರ ಬಂದಾಗ ಕಾಣುತ್ತದೆ.

ಇವತ್ತು ನಿಮ್ಮ ತಮ್ಮ ಆರೋಪಿ ಅಷ್ಟೇ. ಜೈಲಿಗೆ ಹೋಗಿ ಬಂದ ಅಂದರೆ ತಪ್ಪು ಸಾಬೀತಾಯಿತು ಅಂತ ಊರಲ್ಲಿ ಅಂದುಕೊಳ್ಳುತ್ತಾರೆ, ಮನೆಯವರೂ ಎಷ್ಟೋ ಸಲ ಹಾಗೇ ಅಂದುಕೊಂಡಿರುತ್ತಾರೆ. 2022ರ ಕೊನೆಯಲ್ಲಿ ದೇಶದ ಜೈಲುಗಳಲ್ಲಿ 5,73,220 ಜನ ಇದ್ದರು. ಅವರಲ್ಲಿ 4,34,302 ಜನ ವಿಚಾರಣಾಧೀನ ಕೈದಿಗಳು. ಅಂದರೆ ನಾಲ್ಕರಲ್ಲಿ ಮೂರು ಪಾಲು ಜನರ ಕೇಸು ಇನ್ನೂ ತೀರ್ಮಾನವೇ ಆಗಿರಲಿಲ್ಲ. ಅದರಲ್ಲಿ ಎಷ್ಟೋ ಜನ ಒಳಗಿರುವುದು ಕೇಸು ದೊಡ್ಡದು ಅಂತ ಅಲ್ಲ, ಜಾಮೀನು ಸಿಕ್ಕರೂ ಪಹಣಿ ಕೊಡುವ ಒಬ್ಬ ಚಿಕ್ಕಪ್ಪ ಇಲ್ಲ ಅಂತ. ನಿಮ್ಮ ತಮ್ಮ ಒಳಗಿದ್ದ ಕೊನೆಯ ದಿನಗಳೂ ಹಾಗೇ ಕಳೆದವು, ಅಲ್ವಾ.

ಈಗ ಅವನು ಎದ್ದು ನಿಂತು "ತಪ್ಪೊಪ್ಪಿಕೊಂಡೆ" ಅಂದ ಗಳಿಗೆಯಲ್ಲಿ ಆರೋಪಿ ಹೋಗಿ ಅಪರಾಧಿ ಆಗುತ್ತಾನೆ. ಒಳಗಿದ್ದ ದಿನಗಳನ್ನು ಶಿಕ್ಷೆಯಲ್ಲಿ ಕಳೆಯುತ್ತಾರೆ ಅನ್ನುವುದು ನಿಜ. ಆದರೆ ಎಷ್ಟು ಶಿಕ್ಷೆ ಕೊಡಬೇಕು ಅನ್ನುವುದು ನ್ಯಾಯಾಧೀಶರ ಕೈಯಲ್ಲಿದೆ. ಗುಮಾಸ್ತರ ಅಂದಾಜಿಗೆ ಅವರು ಕಟ್ಟುಬಿದ್ದಿಲ್ಲ. ಐಪಿಸಿ 381ಕ್ಕೆ, ಅಂದರೆ ಕೆಲಸಗಾರನೇ ಮಾಲೀಕನ ಮಾಲು ಕದ್ದ ಅನ್ನುವ ಆರೋಪಕ್ಕೆ, ಏಳು ವರ್ಷದವರೆಗೆ ಶಿಕ್ಷೆ ಇದೆ. ಅಷ್ಟು ಕೊಡುತ್ತಾರೆ ಅಂತ ಹೆದರಿಸುತ್ತಿಲ್ಲ. ನಾಲ್ಕೇ ತಿಂಗಳು ಕೊಟ್ಟರು ಅಂತಲೇ ಇಟ್ಟುಕೊಳ್ಳಿ. ಆಗಲೂ ಕಳ್ಳತನದ ಶಿಕ್ಷೆ ಅಂತ ಒಂದು ಅವನ ಹೆಸರಿಗೆ ಅಂಟುತ್ತದೆ. ಸರ್ಕಾರಿ ನೌಕರಿಯಲ್ಲಿ ಕಳ್ಳತನವನ್ನು ನೈತಿಕ ಅಧಃಪತನದ ಅಪರಾಧ ಅಂತ ನೋಡುತ್ತಾರೆ. ಖಾಸಗಿ ಕಂಪನಿಗಳ ಫಾರಂನಲ್ಲಿ "ಶಿಕ್ಷೆ ಆಗಿದೆಯಾ" ಅನ್ನುವ ಕಾಲಂಗೆ ಜೀವಮಾನವಿಡೀ "ಹೌದು" ಅಂತ ಬರೆಯಬೇಕಾಗುತ್ತದೆ. ಇನ್ನೂ ಒಂದಿದೆ, ಇದನ್ನು ಯಾರೂ ಹೇಳುವುದಿಲ್ಲ. ಕಳ್ಳತನದ ಗುಂಪಿನ ದೊಡ್ಡ ಸೆಕ್ಷನ್‌ನಲ್ಲಿ ಒಮ್ಮೆ ಶಿಕ್ಷೆ ಆಗಿದ್ದವನ ಮೇಲೆ ಮುಂದೆ ಅಂಥದ್ದೇ ಇನ್ನೊಂದು ಕೇಸು ಸಾಬೀತಾದರೆ, ಹಿಂದಿನ ಶಿಕ್ಷೆಯನ್ನು ಲೆಕ್ಕಕ್ಕೆ ಹಿಡಿದು ಬಹಳ ಜಾಸ್ತಿ ಶಿಕ್ಷೆ ಕೊಡಲು ಕಾನೂನಿನಲ್ಲಿ ಅವಕಾಶ ಇದೆ. ಇವತ್ತು ಸುಲಭ ಅಂತ ಒಪ್ಪಿಕೊಂಡದ್ದು ಮುಂದೆ ಹೀಗೆ ಎದುರಾಗುತ್ತದೆ. "ಪ್ಲೀ ಬಾರ್ಗೇನಿಂಗ್", ಅಂದರೆ ತಪ್ಪೊಪ್ಪಿಕೊಂಡು ಶಿಕ್ಷೆಯ ಬಗ್ಗೆ ಒಪ್ಪಂದ ಮಾಡಿಕೊಳ್ಳುವುದು, ಅಂತಲೂ ಯಾರಾದರೂ ಹೇಳಬಹುದು. ಅಲ್ಲಿ ಶಿಕ್ಷೆ ಕಡಿಮೆ ಆಗುತ್ತದೆ, ಆದರೆ ಅದೂ ಶಿಕ್ಷೆಯೇ, ಖುಲಾಸೆ ಅಲ್ಲ.

ಇದಕ್ಕೆ ಪಕ್ಕದಲ್ಲೇ ಇನ್ನೊಂದು ದಾರಿ ಇದೆ, ಅದೇ ರಾಜಿ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ, ಎರಡರಲ್ಲೂ ಕೇಸು ಬೇಗ ಮುಗಿಯುತ್ತದೆ. ಫಲ ಮಾತ್ರ ಪೂರ್ತಿ ಉಲ್ಟಾ. 381 ರಾಜಿ ಆಗಬಲ್ಲ ಸೆಕ್ಷನ್. ಕೋರ್ಟಿನ ಅನುಮತಿ ಬೇಕು, ಮಾಲಿನ ಮಾಲೀಕರು, ಇಲ್ಲಿ ಕಂಪನಿಯವರು, ಒಪ್ಪಬೇಕು. ಹಾಗೆ ರಾಜಿಯಾದರೆ ಕಾನೂನಿನ ಪ್ರಕಾರ ಅದು ಖುಲಾಸೆಗೆ ಸಮ. ಕ್ರಿಮಿನಲ್ ಕೇಸು ನಡೆಸುವ ಕ್ರಮ ಹೇಳುವ ಹಳೆಯ ಕಾನೂನು ಸಿಆರ್‌ಪಿಸಿಯ 320ನೇ ಕಲಂನಲ್ಲಿ ಇದು ಸ್ಪಷ್ಟವಾಗಿ ಇದೆ. 2024ರ ಜುಲೈ 1ರಿಂದ ಬಂದ ಹೊಸ ಕಾನೂನಿನಲ್ಲೂ 359ನೇ ಕಲಂನಲ್ಲಿ ಇದೇ ಇದೆ. ಶಿಕ್ಷೆಯ ಮಾತೇ ಬರುವುದಿಲ್ಲ. ವರ್ಷದಲ್ಲಿ ಕೆಲವು ಸಲ ನಡೆಯುವ ಲೋಕ ಅದಾಲತ್‌ನಲ್ಲೂ ಇಂಥವನ್ನು ಮುಗಿಸಬಹುದು.

ಕಂಪನಿಯವರು ಯಾಕೆ ಒಪ್ಪುತ್ತಾರೆ ಅಂತ ನೀವು ಕೇಳಬಹುದು. ಒಪ್ಪಲೇಬೇಕು ಅಂತಿಲ್ಲ. ಆದರೆ ಅವರ ಮ್ಯಾನೇಜರ್, ಸೆಕ್ಯುರಿಟಿ, ಸ್ಟೋರ್ಸ್‌ನವರು ಸಾಕ್ಷಿ ಹೇಳಲು ಕೆಲಸ ಬಿಟ್ಟು ಕೋರ್ಟಿಗೆ ಬರಬೇಕು. ಎರಡು ಮೂರು ಸಲ ಸಮನ್ಸ್ ಹೋದ ಮೇಲೆ ಅವರಿಗೂ ಸಾಕಾಗಿರುತ್ತದೆ. ಮಾಲು ಜಪ್ತಿಯಾಗಿ ವಾಪಸ್ ಸಿಕ್ಕಿದ್ದರೆ ನಷ್ಟವೂ ಅಷ್ಟಿರುವುದಿಲ್ಲ. ಕಂಪನಿಯವರು ತಮ್ಮಲ್ಲಿ ವಿಚಾರಣೆ ನಡೆಸದೆ ಕೆಲಸದಿಂದ ತೆಗೆದಿದ್ದರೆ ಲೇಬರ್ ಆಫೀಸಿನಲ್ಲಿ ತಕರಾರು ಹಾಕುವ ಹಕ್ಕು ನಿಮ್ಮ ತಮ್ಮನಿಗೂ ಇರುತ್ತದೆ. ಅದಕ್ಕೆ ಗಡುವು ಇದೆ, ಹಾಗಾಗಿ ವಕೀಲರನ್ನು ಈಗಲೇ ಕೇಳಿ. ಎರಡೂ ಕಡೆ ಬಿಟ್ಟುಕೊಡಲು ಏನೋ ಒಂದು ಇದ್ದಾಗ ಮಾತುಕತೆ ಸಲೀಸು.

ಇದರಲ್ಲಿ ಅಪಾಯವೂ ಇದೆ. ರಾಜಿ ಮಾತಾಡಲು ಹೋದಾಗ "ಒಂದು ಕ್ಷಮಾಪಣೆ ಪತ್ರ ಬರೆದುಕೊಡಿ, ಆಮೇಲೆ ನೋಡೋಣ" ಅನ್ನುತ್ತಾರೆ. "ಕದ್ದಿದ್ದೇನೆ, ಕ್ಷಮಿಸಿ" ಅಂತ ಬರೆದುಕೊಟ್ಟು, ಕೊನೆಗೆ ರಾಜಿಯೂ ಆಗದೆ, ಆ ಪತ್ರವೇ ಕೇಸಿಗೆ ಸೇರಿದ್ದನ್ನು ನೋಡಿದ್ದೇನೆ. ವಕೀಲರಿಲ್ಲದೆ ಏನನ್ನೂ ಬರೆದುಕೊಡಬೇಡಿ, ದುಡ್ಡು ಕೊಟ್ಟರೆ ರಶೀದಿ ಇಲ್ಲದೆ ಕೊಡಬೇಡಿ. ಚಾರ್ಜ್‌ಶೀಟ್‌ನಲ್ಲಿ 381ರ ಜೊತೆ ಬೇರೆ ಯಾವ ಸೆಕ್ಷನ್ ಇದೆ ಅಂತಲೂ ನೋಡಿಸಿ. ರಾಜಿಗೆ ಬರದ ಸೆಕ್ಷನ್ ಸೇರಿಸಿದ್ದರೆ ಕೆಳಗಿನ ಕೋರ್ಟಿನಲ್ಲಿ ಮುಗಿಯುವುದಿಲ್ಲ, ಹೈಕೋರ್ಟಿಗೆ ಹೋಗಿ ಕೇಸು ರದ್ದು ಮಾಡಿಸಬೇಕಾಗುತ್ತದೆ. ಎರಡೂ ಕಡೆಯವರು ಒಪ್ಪಿದ ಇಂಥ ವ್ಯವಹಾರದ ಕೇಸುಗಳನ್ನು ಹೈಕೋರ್ಟ್ ರದ್ದು ಮಾಡಬಹುದು ಅಂತ 2012ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಖರ್ಚು ಜಾಸ್ತಿ, ಆದರೆ ದಾರಿ ಇದೆ.

ರಾಜಿ ಆಗಲಿಲ್ಲ ಅಂದರೆ ಕೇಸು ನಡೆಸಬೇಕು. ಚಾರ್ಜ್ ಓದುವ ಮೊದಲೇ, ಇವನ ಮೇಲೆ ಹೊರಿಸಲು ಆಧಾರವೇ ಇಲ್ಲ ಅಂತ ಕೈಬಿಡುವ ಅರ್ಜಿ ಹಾಕಬಹುದಾ ಅಂತ ವಕೀಲರನ್ನು ಕೇಳಿ. "ಮೇಲಿನವರು ಹೇಳಿದರು, ಲೋಡ್ ಮಾಡಿದೆ" ಅನ್ನುವುದು ನಿಜವಾದರೆ, ಕದಿಯುವ ಉದ್ದೇಶ ಇತ್ತು ಅಂತ ಸಾಬೀತು ಮಾಡುವ ಹೊಣೆ ಪೊಲೀಸರದ್ದು. ಅದನ್ನು ಅವನೇ ಬಾಯಿಬಿಟ್ಟು ಹಗುರ ಮಾಡಿಕೊಡಬೇಕಾಗಿಲ್ಲ.

ಒಂದು ವೇಳೆ ಕೊನೆಗೆ ಶಿಕ್ಷೆಯೇ ಆಯಿತು ಅಂದುಕೊಳ್ಳೋಣ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ ಅಂತ ಒಂದಿದೆ, ಪ್ರೊಬೇಷನ್ ಕಾಯ್ದೆ ಅಂತಲೇ ಎಲ್ಲರೂ ಕರೆಯುತ್ತಾರೆ. ಮೊದಲ ಸಲ ತಪ್ಪು ಮಾಡಿದವನನ್ನು ಎಚ್ಚರಿಕೆ ಕೊಟ್ಟು ಬಿಡಲು ಆ ಕಾಯ್ದೆಯ 3ನೇ ಕಲಂ ಅವಕಾಶ ಕೊಡುತ್ತದೆ, ಅದರಲ್ಲಿ 381ನ್ನು ಹೆಸರು ಹೇಳಿಯೇ ಸೇರಿಸಿದ್ದಾರೆ. ಒಳ್ಳೆಯ ನಡತೆಯ ಬಾಂಡ್ ಬರೆಸಿಕೊಂಡು ಬಿಡುವುದು 4ನೇ ಕಲಂ. 12ನೇ ಕಲಂ ಪ್ರಕಾರ ಹಾಗೆ ಬಿಟ್ಟವರಿಗೆ ಶಿಕ್ಷೆಯಿಂದ ಬರುವ ಅನರ್ಹತೆ ಅಂಟುವುದಿಲ್ಲ. ಇದಕ್ಕೂ ಮಿತಿ ಇದೆ. ಶಿಕ್ಷೆಗೆ ಗುರಿಯಾದ ಅನ್ನುವ ಸಂಗತಿಯೇ ಅಳಿಸಿಹೋಗುವುದಿಲ್ಲ, ಇಲಾಖೆಯ ಕ್ರಮವನ್ನು ಇದು ತಡೆಯುವುದಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ಜೈಲಿಗಿಂತ ಎಷ್ಟೋ ಮೇಲು. ವಕೀಲರು ಬಾಯಿಬಿಟ್ಟು ಕೇಳದೆ ಹೋದರೆ ಎಷ್ಟೋ ಕೇಸುಗಳಲ್ಲಿ ಇದರ ಪ್ರಸ್ತಾಪವೇ ಬರುವುದಿಲ್ಲ.

ನಿಮಗೆ ನಾನು ಮುಖ್ಯವಾಗಿ ಹೇಳಬೇಕಾದ್ದು ಇಲ್ಲೇ ಇದೆ. ಪ್ರೊಬೇಷನ್ ಕೊಡಬೇಕಾ ಅಂತ ಯೋಚಿಸುವಾಗ ಪ್ರೊಬೇಷನ್ ಅಧಿಕಾರಿಯ ವರದಿ ತರಿಸುತ್ತಾರೆ. ಆ ಅಧಿಕಾರಿ ಮನೆಗೆ ಬಂದು ನೋಡುವುದು ಏನು? ಹುಡುಗ ಕೆಲಸಕ್ಕೆ ಹೋಗುತ್ತಿದ್ದಾನಾ, ಮನೆಯವರು ಜೊತೆಗಿದ್ದಾರಾ, ವಾಯಿದೆಗೆ ತಪ್ಪದೆ ಬಂದಿದ್ದಾನಾ. ಅಂದರೆ ಕೇಸು ಮುಗಿದ ಮೇಲೆ ಬದುಕು ಶುರು ಮಾಡೋಣ ಅಂತ ಕಾಯುವುದು ಕೇಸಿಗೂ ಕೆಟ್ಟದ್ದೇ. ಇಂಥ ಕೇಸುಗಳು ವರ್ಷಗಟ್ಟಲೆ ಎಳೆಯುತ್ತವೆ. ಅಷ್ಟು ದಿನ ಅವನು ಆ ರೂಮಿನಲ್ಲೇ ಇದ್ದರೆ, ಖುಲಾಸೆಯಾಗಿ ಬಂದರೂ ಕೈಯಲ್ಲಿ ಕಸುಬು ಉಳಿದಿರುವುದಿಲ್ಲ, ಮನಸ್ಸಿನಲ್ಲಿ ಧೈರ್ಯವೂ ಉಳಿದಿರುವುದಿಲ್ಲ.

40 ಸಾವಿರದ ಮನುಷ್ಯನ ವಿಷಯ ಬೇಗ ಮುಗಿಸುತ್ತೇನೆ. ಒಂದು ರೂಪಾಯಿಯೂ ಕೊಡಬೇಡಿ. ಎಫ್‌ಐಆರ್‌ಗೆ ನಂಬರ್ ಇರುತ್ತದೆ, ಅದರ ಪ್ರತಿ ಕೋರ್ಟಿಗೆ ಹೋಗಿರುತ್ತದೆ, ಪೊಲೀಸರ ಕಂಪ್ಯೂಟರ್ ಜಾಲದಲ್ಲೂ ಸೇರಿರುತ್ತದೆ. ಠಾಣೆಯಲ್ಲಿ ಯಾರೂ ಅದನ್ನು ಅಳಿಸಲು ಆಗುವುದಿಲ್ಲ. ಆಗುವುದು ಇಷ್ಟು: ಖುಲಾಸೆಯೋ ರಾಜಿಯೋ ಆದ ಮೇಲೆ ತೀರ್ಪಿನ ಸರ್ಟಿಫೈಡ್ ಕಾಪಿ ತೆಗೆದುಕೊಂಡು, ಠಾಣೆಗೂ ಎಸ್‌ಪಿ ಅಥವಾ ಡಿಸಿಪಿ ಕಚೇರಿಗೂ ಅರ್ಜಿ ಕೊಟ್ಟು, ಕೇಸಿನ ಮುಂದೆ ಫಲಿತಾಂಶ ನಮೂದು ಮಾಡಿಸುವುದು. ಇದಕ್ಕೆ ದುಡ್ಡಿಲ್ಲ. ಸ್ವೀಕೃತಿ ಸೀಲ್ ಹಾಕಿಸಿಕೊಂಡು ಬನ್ನಿ. ಬೆರಳಚ್ಚು, ಫೋಟೋ ತೆಗೆದಿರುತ್ತಾರಲ್ಲ, ಅದಕ್ಕೂ 2022ರ ಕಾಯ್ದೆಯಲ್ಲಿ ದಾರಿ ಇದೆ. ಹಿಂದೆ ಶಿಕ್ಷೆ ಆಗಿಲ್ಲದವನು ಪೂರ್ತಿ ಖುಲಾಸೆಯಾದರೆ, ಕೋರ್ಟ್ ಬೇರೆ ಥರ ಹೇಳದ ಹೊರತು ಅವನ್ನು ನಾಶ ಮಾಡಬೇಕು. ತಪ್ಪೊಪ್ಪಿಕೊಂಡವನಿಗೆ ಇದು ಸಿಗುವುದಿಲ್ಲ.

ಇನ್ನೊಂದು ಗಮನಿಸಿ. ಕಳ್ಳತನದ ಕೇಸಾದವರನ್ನು ಠಾಣೆಯಲ್ಲಿ ಎಂಒಬಿ ಪಟ್ಟಿಗೆ, ಅಂದರೆ ಇಂಥ ಕೇಸಿನವರ ಮೇಲೆ ಕಣ್ಣಿಡಲು ಪೊಲೀಸರು ಇಟ್ಟುಕೊಳ್ಳುವ ಪಟ್ಟಿಗೆ, ಸೇರಿಸುವುದುಂಟು. ಹಾಗೆ ಸೇರಿದ್ದರೆ ಹತ್ತಿರದಲ್ಲಿ ಎಲ್ಲಾದರೂ ಕಳ್ಳತನವಾದಾಗ ಇವನನ್ನು ಕರೆಯಬಹುದು. ಹೆದರಿ ಓಡಿಹೋಗುವುದು, ಫೋನ್ ಆಫ್ ಮಾಡುವುದು ಬೇಡ, ಅದೇ ಅನುಮಾನಕ್ಕೆ ಕಾರಣವಾಗುತ್ತದೆ. ಲಿಖಿತ ನೋಟಿಸ್ ಕೇಳಿ, ಮನೆಯವರೊಬ್ಬರು ಜೊತೆಗೆ ಹೋಗಿ, ವಕೀಲರಿಗೆ ತಿಳಿಸಿ. ಪದೇ ಪದೇ ಕಿರುಕುಳ ಅನ್ನಿಸಿದರೆ ದಿನಾಂಕ, ಸಮಯ ಬರೆದಿಟ್ಟುಕೊಂಡು ಎಸ್‌ಪಿಗೆ ಲಿಖಿತವಾಗಿ ಕೊಡಿ. ಅಲ್ಲಿ ಆಗದಿದ್ದರೆ ರಾಜ್ಯ ಮಾನವ ಹಕ್ಕುಗಳ ಆಯೋಗ ಇದೆ.

ಈಗ ಆ ರೂಮಿನ ಮಾತು. ನಿಮ್ಮ ಕಾಗದದಲ್ಲಿ ನನಗೆ ಜಾಸ್ತಿ ಕಳವಳ ತಂದದ್ದು ಇದೇ.

ರಾತ್ರಿ ಲೈಟ್ ಆರಿಸಲು ಬಿಡುವುದಿಲ್ಲ ಅಂತ ಬರೆದಿದ್ದೀರಿ. ಜೈಲಿನ ಬ್ಯಾರಕ್‌ನಲ್ಲಿ ರಾತ್ರಿಯಿಡೀ ಲೈಟ್ ಉರಿಯುತ್ತಿರುತ್ತದೆ. ಸಂಜೆಯಾಗುತ್ತಿದ್ದಂತೆ ಎಣಿಕೆ ಮಾಡಿ ಬಾಗಿಲು ಹಾಕುತ್ತಾರೆ, ಬೆಳಗ್ಗೆ ಮತ್ತೆ ಎಣಿಕೆ. ಪಕ್ಕದಲ್ಲಿ ಮಲಗಿದವನು ಯಾರು, ಏನು ಮಾಡಿ ಬಂದಿದ್ದಾನೆ ಗೊತ್ತಿರುವುದಿಲ್ಲ. ನಾಲ್ಕು ತಿಂಗಳು ಹಾಗೆ ಮಲಗಿದ ದೇಹ ಮನೆಗೆ ಬಂದ ತಕ್ಷಣ ನಂಬಿಕೆಯಿಂದ ನಿದ್ದೆ ಮಾಡುವುದಿಲ್ಲ. ಹೊರಬಂದವರಲ್ಲಿ ಇದು ತೀರಾ ಸಾಮಾನ್ಯ. ಬಾಗಿಲ ಕಡೆ ಮುಖ ಮಾಡಿಯೇ ಕೂರುವುದು, ತಟ್ಟೆಗೆ ಬಿದ್ದದ್ದನ್ನು ಗಬಗಬ ಮುಗಿಸುವುದು, "ಏನು ಅಡಿಗೆ ಮಾಡಲಿ" ಅಂತ ಕೇಳಿದರೂ ಉತ್ತರ ಕೊಡಲಾಗದೆ ರೇಗುವುದು, ಎಲ್ಲ ಇರುತ್ತದೆ. ಇದು ಸೋಮಾರಿತನ ಅಲ್ಲ, ಕೊಬ್ಬೂ ಅಲ್ಲ. ಲೈಟ್ ಉರಿಯಲಿ ಬಿಡಿ, ಕರೆಂಟ್ ಬಿಲ್ಲು ಸ್ವಲ್ಪ ಜಾಸ್ತಿ ಬಂದರೆ ಬರಲಿ.

ಆದರೆ ಹೊರಬಂದು ಇಷ್ಟು ದಿನವಾದ ಮೇಲೂ ಹಗಲೆಲ್ಲ ಮಲಗಿಯೇ ಇದ್ದಾನೆ ಅಂದರೆ ವೈದ್ಯರಿಗೆ ತೋರಿಸಬೇಕು. ಟೆಲಿ ಮಾನಸ್ ಅಂತ ಸರ್ಕಾರದ ಉಚಿತ ಫೋನ್ ಸೇವೆ ಇದೆ, ನಂಬರ್ 14416. ಕನ್ನಡದಲ್ಲೇ ಮಾತಾಡುತ್ತಾರೆ, ಹೆಸರು ಹೇಳಬೇಕಾಗಿಲ್ಲ. ಮೊದಲು ನೀವೇ ಫೋನ್ ಮಾಡಿ ಕೇಳಬಹುದು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. "ನಾನಿಲ್ಲದಿದ್ದರೆ ನಿಮಗೆಲ್ಲ ನೆಮ್ಮದಿ" ಅನ್ನುವ ಮಾತು ಅವನ ಬಾಯಲ್ಲಿ ಬಂದರೆ ಅದನ್ನು ಸುಮ್ನೆ ಆಡಿದ ಮಾತು ಅಂದುಕೊಳ್ಳಬೇಡಿ. ಅವತ್ತೇ ಕರೆದುಕೊಂಡು ಹೋಗಿ, ಒಬ್ಬನನ್ನೇ ಬಿಡಬೇಡಿ. ದೇಹದ ಕಡೆಯೂ ನೋಡಿ. ಎರಡು ವಾರಕ್ಕಿಂತ ಜಾಸ್ತಿ ಕೆಮ್ಮು ಇದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಟಿಬಿ ಪರೀಕ್ಷೆ ಮಾಡಿಸಿ, ಪರೀಕ್ಷೆ, ಔಷಧ ಎರಡೂ ಉಚಿತ. ಬೆರಳ ಸಂದಿಯಲ್ಲಿ, ಸೊಂಟದ ಸುತ್ತ ರಾತ್ರಿ ಹೊತ್ತು ತುರಿಕೆ ಇದ್ದರೆ ಅದು ಕಜ್ಜಿ ಇರಬಹುದು. ಕಿಕ್ಕಿರಿದ ಬ್ಯಾರಕ್‌ನಿಂದ ಬಂದವರಲ್ಲಿ ಬಹಳ ಕಾಣುತ್ತದೆ. ಅದಕ್ಕೆ ಮನೆಯವರೆಲ್ಲ ಒಟ್ಟಿಗೆ ಮುಲಾಮು ಹಚ್ಚಬೇಕು.

ಅಪ್ಪನ ವಿಷಯ. ಊರಲ್ಲಿ ತಲೆ ಎತ್ತಿ ಓಡಾಡಿದ ಮನುಷ್ಯನಿಗೆ ಇದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಮಗನನ್ನು ಕ್ಷಮಿಸಿ ಅಂತ ಅವರಿಗೆ ಹೇಳಬೇಡಿ, ಏನಾಯಿತು ಅನ್ನುವುದೇ ಇನ್ನೂ ತೀರ್ಮಾನವಾಗಿಲ್ಲವಲ್ಲ. ಒಂದು ಸಣ್ಣ ಕೆಲಸ ಕೇಳಿ. ಮುಂದಿನ ವಾಯಿದೆಗೆ ಜೊತೆಗೆ ಹೋಗಿ ಬರಲಿ. ಮಾತಾಡದಿದ್ದರೂ ಪರವಾಗಿಲ್ಲ, ಬಸ್ಸಿನಲ್ಲಿ ಪಕ್ಕ ಕೂರಲಿ. ಚಿಕ್ಕಪ್ಪನ ಜೊತೆಯೂ ಒಮ್ಮೆ ಕೂತು ಮಾತಾಡಿ. ಪಹಣಿ ಕೊಟ್ಟವರಿಗೆ ಒಳಗೊಳಗೆ ಭಯ ಇದ್ದೇ ಇರುತ್ತದೆ. ಅವರ ಜಮೀನು ಎಲ್ಲೂ ಹೋಗುವುದಿಲ್ಲ, ಇವನು ವಾಯಿದೆ ತಪ್ಪಿಸಿದರೆ ಮಾತ್ರ ಬಾಂಡಿನ ದುಡ್ಡು ಅವರ ತಲೆಗೆ ಬರುತ್ತದೆ ಅಂತ ಬಿಡಿಸಿ ಹೇಳಿ.

ವಾಯಿದೆ ತಪ್ಪಿಸುವುದೇ ಜಾಮೀನಿನ ಮೇಲೆ ಬಂದವರು ಮತ್ತೆ ಒಳಗೆ ಹೋಗಲು ದೊಡ್ಡ ಕಾರಣ. ವಾರಂಟ್ ಆಗುತ್ತದೆ, ಹಬ್ಬದ ಹಿಂದಿನ ದಿನ ಪೊಲೀಸರು ಮನೆಗೆ ಬರುತ್ತಾರೆ, ಇರುವ ಕೆಲಸವೂ ಹೋಗುತ್ತದೆ. ಕೇಸಿಗೆ 16 ಅಕ್ಷರ ಮತ್ತು ಅಂಕಿಗಳ ಒಂದು ಸಿಎನ್‌ಆರ್ ನಂಬರ್ ಇರುತ್ತದೆ. ಅದನ್ನು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹಾಕಿ ನಿಮ್ಮ ಫೋನಿನಲ್ಲೂ ಅವನ ಫೋನಿನಲ್ಲೂ ಇಟ್ಟುಕೊಳ್ಳಿ, ಮುಂದಿನ ಡೇಟ್ ಅದರಲ್ಲೇ ಕಾಣುತ್ತದೆ. ನಿಜವಾಗಿಯೂ ಹೋಗಲಾಗದ ದಿನ ವಕೀಲರು ವಿನಾಯಿತಿ ಅರ್ಜಿ ಹಾಕಬೇಕು, ಅದನ್ನು ಮೊದಲೇ ತಿಳಿಸಬೇಕು.

ಕೆಲಸ ಸಿಗುತ್ತಾ ಅಂತ ಕೇಳಿದ್ದೀರಿ. ಸಿಗುತ್ತದೆ. ಹಿಂದಿನಂಥದ್ದೇ ತಕ್ಷಣ ಸಿಗುತ್ತದೆ ಅಂತ ಹೇಳಲಾರೆ. ದೊಡ್ಡ ಕಂಪನಿಗಳು ಹಿನ್ನೆಲೆ ಪರಿಶೀಲನೆ ಮಾಡಿಸುತ್ತವೆ, ಅವರ ಏಜೆನ್ಸಿಯವರು ಕೋರ್ಟ್ ದಾಖಲೆಗಳಲ್ಲಿ ಹೆಸರು ಹುಡುಕುತ್ತಾರೆ, ಅಲ್ಲಿ ಇವನ ಕೇಸು ಕಾಣುತ್ತದೆ. ಫಾರಂನಲ್ಲಿ ಏನು ಕೇಳಿದ್ದಾರೆ ಅಂತ ನಿಧಾನವಾಗಿ ಓದಬೇಕು. "ಶಿಕ್ಷೆ ಆಗಿದೆಯೇ" ಅನ್ನುವುದೇ ಬೇರೆ, "ಕೇಸು ಬಾಕಿ ಇದೆಯೇ" ಅನ್ನುವುದೇ ಬೇರೆ, "ಎಂದಾದರೂ ಬಂಧನವಾಗಿದೆಯೇ" ಅನ್ನುವುದು ಇನ್ನೊಂದು. ಇವತ್ತಿನ ಮಟ್ಟಿಗೆ ಮೊದಲನೆಯದಕ್ಕೆ ಅವನ ಉತ್ತರ "ಇಲ್ಲ", ಅದು ನೂರಕ್ಕೆ ನೂರು ಸತ್ಯ. ಉಳಿದೆರಡಕ್ಕೆ "ಹೌದು". ಕೇಳಿದ್ದಕ್ಕೆ ಸುಳ್ಳು ಬರೆಯಬಾರದು, ಕೇಳದ್ದನ್ನು ಹರಡಿಕೊಂಡು ಕೂರಬೇಕಾಗಿಯೂ ಇಲ್ಲ. ಸರ್ಕಾರಿ ನೌಕರಿಯ ವಿಷಯದಲ್ಲಿ 2016ರಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಹೆಚ್ಚು ಕಡಿಮೆ ಇದನ್ನೇ ಹೇಳಿದೆ: ಫಾರಂನಲ್ಲಿ ಸ್ಪಷ್ಟವಾಗಿ ಕೇಳಿದ್ದನ್ನು ಮುಚ್ಚಿಡಬಾರದು, ಸತ್ಯ ಹೇಳಿದ ಮೇಲೂ ತೆಗೆದುಕೊಳ್ಳುವುದು ಬಿಡುವುದು ಅವರ ವಿವೇಚನೆ, ಆದರೆ ಕೇಸು ಎಂಥದ್ದು ಅಂತ ನೋಡಿ ತೀರ್ಮಾನಿಸಬೇಕು. ಕೇಸಿನಿಂದ ಸಿಗದೆ ಹೋದ ಕೆಲಸಕ್ಕಿಂತ ಸುಳ್ಳಿನಿಂದ ಕಳೆದುಕೊಂಡ ಕೆಲಸವೇ ಹೆಚ್ಚು ನೋವು ಕೊಡುತ್ತದೆ. ಆರು ತಿಂಗಳು ಚೆನ್ನಾಗಿ ಕೆಲಸ ಮಾಡಿದ ಮೇಲೆ ಗೇಟಿನಲ್ಲಿ ನಿಲ್ಲಿಸಿ ಕಳಿಸಿದಾಗ ಆ ಹುಡುಗರು ಮತ್ತೆ ಏಳುವುದು ಕಷ್ಟ.

ಹಾಗಾಗಿ ಸದ್ಯಕ್ಕೆ ದೊಡ್ಡ ಕಂಪನಿಯ ಆಸೆ ಪಕ್ಕಕ್ಕಿಟ್ಟು, ಮಾಲೀಕರು ಮುಖ ನೋಡಿ ಕೆಲಸ ಕೊಡುವ ಕಡೆ ಹೋಗಲಿ. ನಿಮ್ಮ ಕಡೆ ಕೊಬ್ಬರಿ, ತೆಂಗಿನ ನಾರಿನ ಯೂನಿಟ್‌ಗಳಿವೆ, ಅಲ್ಲಿಯ ಮೆಷಿನ್‌ಗಳಿಗೆ ಫಿಟ್ಟರ್ ಬೇಕೇ ಬೇಕು. ಪಂಪ್‌ಸೆಟ್ ರಿಪೇರಿ, ಮೋಟರ್ ರಿವೈಂಡಿಂಗ್, ಗೇಟು ಗ್ರಿಲ್ಲು ಮಾಡುವ ವೆಲ್ಡಿಂಗ್ ಅಂಗಡಿಗಳಿವೆ. ಗುರುತಿನವರೊಬ್ಬರು ಮಾಲೀಕರಿಗೆ ಮೊದಲೇ ವಿಷಯ ಹೇಳಿ "ನಾನಿದ್ದೇನೆ" ಅಂದರೆ ಅರ್ಧ ಕೆಲಸ ಮುಗಿದ ಹಾಗೆ. ಶುರುವಿನಲ್ಲಿ ದಿನಗೂಲಿ ಕಡಿಮೆ ಬರಬಹುದು, ಬರಲಿ. ಸ್ವಂತ ಅಂಗಡಿ ಮನಸ್ಸಿನಲ್ಲಿದ್ದರೆ ಮುದ್ರಾ ಸಾಲ ಇದೆ, ಶಿಶು ವಿಭಾಗದಲ್ಲಿ 50 ಸಾವಿರದವರೆಗೆ ಅಡಮಾನವಿಲ್ಲದೆ ಕೊಡುತ್ತಾರೆ. ಕೇಸಿದ್ದರೆ ಬ್ಯಾಂಕ್ ಸಾಲ ಸಿಗುವುದಿಲ್ಲ ಅನ್ನುವುದು ತಪ್ಪು ತಿಳಿವಳಿಕೆ, ಸಿಬಿಲ್‌ನಲ್ಲಿ ಇಂಥ ಕ್ರಿಮಿನಲ್ ಕೇಸಿನ ವಿಷಯ ಬರುವುದಿಲ್ಲ. ಆದರೆ ಅವನು ಒಳಗಿದ್ದಾಗ ಬೈಕಿನದ್ದೋ ಮೊಬೈಲಿನದ್ದೋ ಕಂತು ತಪ್ಪಿದ್ದರೆ ಅದು ಬರುತ್ತದೆ. ಮೊದಲು ಅದನ್ನು ವಿಚಾರಿಸಿ ಸರಿಮಾಡಿ. ಹಳೇ ಕಂಪನಿಯ ಪಿಎಫ್ ದುಡ್ಡೂ ಅವನದ್ದೇ, ಕೇಸಿನ ನೆಪ ಹೇಳಿ ಅದನ್ನು ತಡೆಹಿಡಿಯಲು ಆಗುವುದಿಲ್ಲ. ಹಾಗೇ ಆಧಾರ್, ರೇಷನ್ ಕಾರ್ಡ್, ಡ್ರೈವಿಂಗ್ ಲೈಸೆನ್ಸ್, ಓಟು, ಯಾವುದೂ ಹೋಗಿಲ್ಲ. ಓಟು ಹಾಕಲು ಆಗದಿರುವುದು ಜೈಲಿನಲ್ಲೋ ಪೊಲೀಸರ ವಶದಲ್ಲೋ ಇರುವಾಗ ಮಾತ್ರ.

ದುಬೈ ಸದ್ಯಕ್ಕೆ ಬೇಡ. ಕೋರ್ಟಿನಲ್ಲಿ ಕೇಸು ಬಾಕಿ ಇದ್ದಾಗ ಪಾಸ್‌ಪೋರ್ಟ್ ನಿರಾಕರಿಸಲು 1967ರ ಪಾಸ್‌ಪೋರ್ಟ್ ಕಾಯ್ದೆಯಲ್ಲಿ ಅವಕಾಶ ಇದೆ. ಕೇಸು ನಡೆಯುವ ಕೋರ್ಟೇ ಅನುಮತಿ ಕೊಟ್ಟರೆ ಸಿಗಬಹುದು, 1993ರ ಅಧಿಸೂಚನೆಯಲ್ಲಿ ಆ ವಿನಾಯಿತಿ ಇದೆ. ಆದರೆ ಅದು ಕೋರ್ಟ್ ಹೇಳಿದಷ್ಟು ಕಾಲಕ್ಕೆ ಮಾತ್ರ, ಅವಧಿ ಹೇಳದಿದ್ದರೆ ಒಂದು ವರ್ಷಕ್ಕೆ. ಅನುಮತಿ ಇಲ್ಲದೆ ಹೋದರೆ ಜಾಮೀನು ರದ್ದಾಗಬಹುದು, ಚಿಕ್ಕಪ್ಪ ಸಿಕ್ಕಿಬೀಳುತ್ತಾರೆ. ಯಾವನಾದರೂ ಏಜೆಂಟ್ ವಿಸಿಟ್ ವೀಸಾದಲ್ಲಿ ಕಳಿಸುತ್ತೇನೆ ಅಂದರೆ ಬಾಗಿಲಲ್ಲೇ ವಾಪಸ್ ಕಳಿಸಿ. ರಾಜಿಯೋ ಖುಲಾಸೆಯೋ ಆದ ಮೇಲೆ ಈ ಅಡ್ಡಿಯೇ ಇರುವುದಿಲ್ಲ. ಆಗ ಹೋಗಲಿ, ಫಿಟ್ಟರ್‌ಗೆ ಅಲ್ಲಿ ಕೆಲಸ ಇದ್ದೇ ಇರುತ್ತದೆ.

ವಿಡಿಯೋ ಬಗ್ಗೆ ಈಗ ಮಾಡಬಹುದಾದ್ದು ಕಡಿಮೆ. ಮರೆತುಹೋಗುವ ಹಕ್ಕು, ಅಂದರೆ ತನ್ನ ಹಳೆಯ ವಿಷಯವನ್ನು ಇಂಟರ್ನೆಟ್‌ನಿಂದ ತೆಗೆಸುವ ಹಕ್ಕು, ಅಂತ ಹೈಕೋರ್ಟ್‌ಗಳು ಕೆಲವು ಕೇಸುಗಳಲ್ಲಿ ಹೆಸರು ಮರೆಮಾಡಲು ಹೇಳಿವೆ, 2017ರಲ್ಲಿ ನಮ್ಮ ಹೈಕೋರ್ಟ್ ಕೂಡ ಒಂದು ಕೇಸಿನಲ್ಲಿ ಹೇಳಿತ್ತು. ಆದರೆ ಎಲ್ಲರಿಗೂ ಅನ್ವಯವಾಗುವ ಗಟ್ಟಿ ನಿಯಮ ಇನ್ನೂ ಬಂದಿಲ್ಲ. ಖುಲಾಸೆಯಾದ ದಿನ ತೀರ್ಪಿನ ಪ್ರತಿ ಜೊತೆ ಆ ಚಾನೆಲ್‌ಗೆ ಬರೆಯಿರಿ, ತೆಗೆಯದಿದ್ದರೆ ವಕೀಲರ ನೋಟಿಸ್ ಕಳಿಸಿ. ಅಲ್ಲಿಯವರೆಗೆ ಅದರ ಕೆಳಗೆ ಕಾಮೆಂಟ್ ಹಾಕಿ ಜಗಳ ಆಡಬೇಡಿ, ಹಾಕಿದಷ್ಟೂ ಅದು ಮೇಲೆ ಬರುತ್ತದೆ.

ತಂಗಿಯ ಮದುವೆಗೆ ಗಂಡಿನ ಕಡೆಯವರಿಗೆ ನೀವೇ ಮೊದಲು ಹೇಳಿ. ಮೂರನೆಯವರು ಹೇಳುವ ಕಥೆ ಯಾವಾಗಲೂ ನಿಜಕ್ಕಿಂತ ದೊಡ್ಡದಾಗಿರುತ್ತದೆ. "ಕಂಪನಿಯಲ್ಲಿ ಒಂದು ಕೇಸಾಯಿತು, ಇವನ ಹೆಸರೂ ಸೇರಿದೆ, ಕೋರ್ಟಿನಲ್ಲಿ ನಡೆಯುತ್ತಿದೆ, ಈಗ ಇಲ್ಲೇ ಕೆಲಸಕ್ಕೆ ಹೋಗುತ್ತಾನೆ." ಇಷ್ಟೇ ಮಾತು, ಮನೆಯವರೆಲ್ಲ ಇದನ್ನೇ ಹೇಳಬೇಕು. ಊರಲ್ಲಿ ಕೇಳಿದವರಿಗೂ ಇದೇ ಸಾಕು. ಇದನ್ನು ಕೇಳಿ ಎದ್ದು ಹೋಗುವ ಸಂಬಂಧ ಮದುವೆಯಾದ ಮೇಲೆ ಗೊತ್ತಾಗಿದ್ದರೆ ನಿಮ್ಮ ತಂಗಿಯ ಗತಿ ಏನಾಗುತ್ತಿತ್ತು ಅಂತಲೂ ಯೋಚಿಸಿ.

ಒಳಗೆ ಪರಿಚಯವಾದವರು ಫೋನ್ ಮಾಡುತ್ತಿದ್ದಾರಾ ಅಂತ ಮೆಲ್ಲಗೆ ವಿಚಾರಿಸಿ. ಅವರೆಲ್ಲ ಕೆಟ್ಟವರು ಅಂತಲ್ಲ, ಎಷ್ಟೋ ಸಲ ಒಳಗೆ ಇವನನ್ನು ಕಾಪಾಡಿದವರೇ ಅವರಾಗಿರುತ್ತಾರೆ. ಆದರೆ ಕೆಲಸವಿಲ್ಲದೆ, ಮನೆಯಲ್ಲಿ ಮಾತಿಲ್ಲದೆ ಕೂತ ಹುಡುಗನಿಗೆ ಆ ಫೋನ್ ಒಂದೇ ಆಸರೆ ಆಗಬಾರದು. ಬೇಡ ಅಂತ ಬೈದರೆ ಕದ್ದು ಮಾತಾಡುತ್ತಾನೆ. ಹಗಲು ಹೊತ್ತು ದುಡಿಮೆ ಇದ್ದರೆ ಅದು ತಾನಾಗಿ ಕಡಿಮೆಯಾಗುತ್ತದೆ.

ಇನ್ನು ವಾಯಿದೆಯ ದಿನ. ಅದಕ್ಕೆ ಮುಂಚೆಯೇ ವಕೀಲರ ಆಫೀಸಿಗೆ ನೀವೂ ತಮ್ಮನೂ ಹೋಗಿ. ಚಾರ್ಜ್‌ಶೀಟ್‌ನ ಪೂರ್ತಿ ಪ್ರತಿ ನಿಮ್ಮ ಕೈಯಲ್ಲಿ ಇರಬೇಕು, ಇಲ್ಲದಿದ್ದರೆ ಕೇಳಿ ಪಡೆಯಿರಿ. ಯಾವ ಯಾವ ಸೆಕ್ಷನ್ ಇದೆ, ರಾಜಿಗೆ ಕಂಪನಿಯ ವಕೀಲರ ಜೊತೆ ಮಾತಾಡುತ್ತೀರಾ, ಕೈಬಿಡುವ ಅರ್ಜಿ ಹಾಕಬಹುದಾ, ಇಷ್ಟು ಕೇಳಿ. ವಕೀಲರು ಸಿಗುತ್ತಿಲ್ಲ, ಫೀಸು ಕೊಡಲು ಆಗುತ್ತಿಲ್ಲ ಅಂದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಕೋರ್ಟ್ ಆವರಣದಲ್ಲೇ ಅದರ ಕಚೇರಿ ಇರುತ್ತದೆ. ಆದಾಯ ಕಡಿಮೆ ಇದ್ದವರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಫೋನ್ ನಂಬರ್ 15100. ಕೋರ್ಟಿನಲ್ಲಿ ಚಾರ್ಜ್ ಓದಿ "ಒಪ್ಪುತ್ತೀಯಾ" ಅಂತ ಕೇಳಿದಾಗ ಅವನು ಗಾಬರಿಯಾಗಬಾರದು. ವಕೀಲರು ಬೇರೆ ಹೇಳದಿದ್ದರೆ ಉತ್ತರ ಒಂದೇ: "ಒಪ್ಪುವುದಿಲ್ಲ ಸ್ವಾಮಿ, ವಿಚಾರಣೆ ನಡೆಸಿಕೊಡಿ." ಹಿಂದಿನ ದಿನ ಮನೆಯಲ್ಲಿ ಒಂದೆರಡು ಸಲ ಅವನ ಬಾಯಿಂದ ಹೇಳಿಸಿ.